ಕಾಗೆ ಊದಿದ ಸೀಟಿ

ನಮ್ಮ ಮೃಗಾಲಯದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಉಕ್ಕಿನ ಸೀಟಿಯೊಂದು ಸದಾ ತೂಗಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ಸೀಟಿ ಮೇಡಂ. ಅವರ ಕೋಣೆಯ ಬಾಗಿಲ ಮೇಲೆ ‘ಪ್ರಾಣಿ ವರ್ತನೆ ಮತ್ತು ರಾಯಭಾರಿ ಪ್ರಾಣಿಗಳ ವಿಭಾಗ, ಮುಖ್ಯಸ್ಥೆ’ ಎಂದು ಬರೆದಿತ್ತು. ನಾನು ಅಲ್ಲಿನ ಪಶುವೈದ್ಯ. ಇಪ್ಪತ್ತಮೂರು ವರ್ಷ ಅವರ ಜೊತೆ ಕೆಲಸ ಮಾಡಿದವನು. ಅವರಿಗೆ ಆದದ್ದರಲ್ಲಿ ಅರ್ಧವನ್ನು ಕಣ್ಣಾರೆ ಕಂಡೆ, ಉಳಿದರ್ಧವನ್ನು ಅವರ ಬಾಯಿಂದಲೇ ಕೇಳಿದೆ. ಅದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನೂ ಮುಚ್ಚಿಡುವುದಿಲ್ಲ.

ಅವರು ಮೊದಲು ಬಂದದ್ದು ಮೇವಿನ ಉಗ್ರಾಣದ ಗುಮಾಸ್ತೆಯಾಗಿ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಗಂಟೆಗಟ್ಟಲೆ ಒಂದೇ ಹಲ್ಲುಚಕ್ರವನ್ನು ನೋಡುತ್ತಾ ಕೂರುವ ಅಪ್ಪನ ತಾಳ್ಮೆ ಮಗಳಿಗೆ ಬಂದಿತ್ತು. ಉಗ್ರಾಣದಲ್ಲಿ ತಕ್ಕಡಿಗೆ ಕಲ್ಲು ಹಾಕಿದ ‘ಟಣ್’ ಸದ್ದಿಗೆ, ಪಕ್ಕದ ಗೂಡಿನ ಮುಳ್ಳುಹಂದಿ ನಿದ್ದೆಯಿಂದೆದ್ದು ಜಾಲರಿಗೆ ಬರುವುದನ್ನು ಅವರು ಗಮನಿಸಿದರು. ಅಷ್ಟೇ, ಅಲ್ಲಿಂದ ಅವರ ಬದುಕಿನ ದಿಕ್ಕೇ ಬದಲಾಯಿತು.

ಆಗೆಲ್ಲ ಮುಳ್ಳುಹಂದಿಯನ್ನು ಸಾಗಣೆಯ ಬೋನಿಗೆ ಹಾಕಬೇಕೆಂದರೆ ನಾಲ್ಕು ಜನ, ಎರಡು ಬಲೆ, ಒಬ್ಬನ ಕಾಲಿಗೆ ಹೊಲಿಗೆ. ಇವರು ಒಂದು ಸೀಟಿ ಕೊಂಡುತಂದರು. ಮುಳ್ಳುಹಂದಿ ಬೋನಿನ ಕಡೆ ಮುಖ ಮಾಡಿದರೆ ಒಮ್ಮೆ ಚಿಕ್ಕದಾಗಿ ಊದಿ, ಒಂದು ತುಂಡು ಗೆಣಸು. ಒಂದು ಹೆಜ್ಜೆ ಇಟ್ಟರೆ ಸೀಟಿ, ಗೆಣಸು. ಹತ್ತೊಂಬತ್ತನೇ ದಿನ ಅದು ತಾನಾಗಿಯೇ ಒಳಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ ಕೂತಿತು. ಬಾಗಿಲು ಬಿತ್ತು. ಎರಡು ಎಣಿಸುವಷ್ಟರಲ್ಲಿ ಮತ್ತೆ ತೆರೆಯಿತು. ಮಾರನೆಯ ದಿನ ಐದು ಎಣಿಸುವಷ್ಟು. ತಿಂಗಳು ಕಳೆಯುವುದರೊಳಗೆ ಅರ್ಧ ಗಂಟೆ ಮುಚ್ಚಿಟ್ಟರೂ ತುಟಿ ಪಿಟಕ್ಕೆನ್ನಲಿಲ್ಲ. ಮತ್ತು ಬರಿಸುವ ಮದ್ದಿನ ಸೂಜಿ ಕೈಯಲ್ಲಿ ಹಿಡಿದು ನಿಂತಿದ್ದ ನಾನು ಅದನ್ನು ಪೆಟ್ಟಿಗೆಗೆ ವಾಪಸ್ ಇಟ್ಟೆ.

ರಾಯಭಾರಿ ಪ್ರಾಣಿಗಳೆಂದರೆ ಜನರ ಮುಂದೆ ಬಂದು ತಮ್ಮ ಜಾತಿಯ ಪರವಾಗಿ ನಿಲ್ಲುವ ಪ್ರಾಣಿಗಳು. ನಮ್ಮಲ್ಲಿ ಒಂದು ಕಣಜಗೂಬೆ, ಒಂದು ಆಮೆ, ಎರಡು ಮಣ್ಣುಮುಕ್ಕ ಹಾವು, ಆ ಮುಳ್ಳುಹಂದಿ ಮತ್ತು ಕಾಗೆಗಳಿದ್ದವು. ಬಯಲು ವೇದಿಕೆಯ ಮೇಲೆ ಶಾಲೆಯ ಮಕ್ಕಳಿಗೆ ಅವುಗಳ ಪರಿಚಯ ಮಾಡಿಸುವುದು ಸೀಟಿ ಮೇಡಂ ಕಟ್ಟಿ ಬೆಳೆಸಿದ ಕಾರ್ಯಕ್ರಮ. ಅವರ ನಿಯಮ ಒಂದೇ: “ಪ್ರಾಣಿ ಬೇಡ ಅಂದ್ರೆ ಬೇಡ.” ಒಮ್ಮೆ ಮುನ್ನೂರು ಮಕ್ಕಳು ಕೂತಿದ್ದಾಗ ಗೂಬೆ ಬಾಗಿಲು ದಾಟಲಿಲ್ಲ. ನಿರ್ದೇಶಕರು ಪಕ್ಕದಲ್ಲಿ ನಿಂತು ಹಲ್ಲು ಕಡಿಯುತ್ತಿದ್ದರು. ಮೇಡಂ ಒಬ್ಬರೇ ವೇದಿಕೆಗೆ ಹೋಗಿ, “ಇವತ್ತು ಅದಕ್ಕೆ ಮನಸ್ಸಿಲ್ಲ ಮಕ್ಕಳೇ. ನಿಮಗೂ ಸ್ಕೂಲಿಗೆ ಹೋಗೋಕೆ ಮನಸ್ಸಿಲ್ಲದ ದಿನ ಇರುತ್ತಲ್ವಾ?” ಎಂದರು. ಮಕ್ಕಳು ಚಪ್ಪಾಳೆ ತಟ್ಟಿ ತಟ್ಟಿ ಕೈ ಕೆಂಪು ಮಾಡಿಕೊಂಡರು.

ತಮ್ಮ ಕೈಕೆಳಗಿನವರಿಗೆ ಅವರು ಹೇಳುತ್ತಿದ್ದ ಇನ್ನೊಂದು ಮಾತಿತ್ತು: “ಪ್ರಾಣಿ ತಪ್ಪು ಮಾಡಲ್ಲ. ನಾವು ಕೇಳಿದ್ದು ಅದಕ್ಕೆ ಕಷ್ಟ ಆಗಿರುತ್ತೆ. ಬೈಬೇಡಿ, ಉಪವಾಸ ಕೆಡವಬೇಡಿ. ಒಂದು ಹೆಜ್ಜೆ ಹಿಂದೆ ಬಂದು ಸುಲಭದ್ದು ಕೇಳಿ.”

ಈಗ ಕಾಗೆಗಳ ವಿಷಯ. ಗಾಳಿಗೆ ಗೂಡು ಬಿದ್ದು ಸಿಕ್ಕ ಎರಡು ಕಾಡುಕಾಗೆ ಮರಿಗಳನ್ನು ಮೇಡಂ ಸ್ವಂತ ಕೈಯಿಂದ ಉಣಿಸಿ ಬೆಳೆಸಿದ್ದರು. ಒಂದು ಬಂದವರನ್ನೆಲ್ಲ ಕತ್ತು ಓರೆ ಮಾಡಿ ಅಳೆದು ನೋಡುತ್ತಿತ್ತು. ಅದಕ್ಕೆ ಅತ್ತೆಮ್ಮ ಎಂದು ಹೆಸರಾಯಿತು. ಅದರ ಬೆನ್ನ ಹಿಂದೆಯೇ ಸುಳಿಯುತ್ತಿದ್ದ ಇನ್ನೊಂದು, ಸೊಸೆ. ಈ ಅತ್ತೆ ಸೊಸೆ ಒಂದೇ ಕೊಂಬೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದವು, ಒಂದರ ಗರಿಯನ್ನು ಇನ್ನೊಂದು ತೀಡುತ್ತಿತ್ತು. “ಲೋಕದಲ್ಲಿ ಜಗಳ ಆಡದ ಅತ್ತೆ ಸೊಸೆ ಇವೆರಡೇ,” ಎಂದು ಪ್ರಾಣಿಗಳನ್ನು ನೋಡಿಕೊಳ್ಳುವ ಪಾಲಕರು ನಗುತ್ತಿದ್ದರು. ಈಗ ಹೇಳಲಿರುವುದಕ್ಕೆ ಎಂಟು ವರ್ಷ ಮುಂಚೆ ದೂರದ ಇನ್ನೊಂದು ಮೃಗಾಲಯದವರು ತಮ್ಮ ಕಾರ್ಯಕ್ರಮಕ್ಕೆ ಪಳಗಿದ ಕಾಗೆಯೊಂದು ಬೇಕೆಂದರು. ಮೇಡಂ ಸೊಸೆಗೆ ಮೂರು ವಾರ ಬೋನು ಕಲಿಸಿದರು. ಅದು ಹೋಯಿತು. ಅತ್ತೆಮ್ಮ ಉಳಿಯಿತು.

ದಿನಕ್ಕೊಮ್ಮೆ ಹೊರಗೆ ಹಾರಲು ಬಿಟ್ಟರೂ ಅತ್ತೆಮ್ಮ ಪಕ್ಷಿಮನೆಯ ತನ್ನ ಪಂಜರಕ್ಕೇ ವಾಪಸ್ ಬರುತ್ತಿತ್ತು. ಆ ಪಂಜರ ಒಂದು ಮನೆಯಷ್ಟು ದೊಡ್ಡದು. ಅದರ ಹಿಂಬದಿಯ ಜಾಲರಿಯಾಚೆ ಸಿಮೆಂಟಿನ ಅಂಗಳ, ಅಂಗಳದ ತುಂಬಾ ಸಾಗಣೆಯ ಬೋನುಗಳು. ಹೊಸ ತರಬೇತಿ ಜಾಗ ಕಟ್ಟುವ ತನಕ ಎಲ್ಲ ಪ್ರಾಣಿಗಳಿಗೂ ಬೋನು ಕಲಿಸಿದ್ದು ಅಲ್ಲೇ. ಎರಡು ವರ್ಷದಿಂದ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ.

ಚಳಿ ಕಡಿಮೆಯಾಗುತ್ತಿದ್ದ ಕಾಲ. ಒಂದು ದಿನ ಮೇಡಂ ಪಂಜರದೊಳಗೆ ನಿಂತಿದ್ದಾಗ ಅತ್ತೆಮ್ಮ ಅವರ ಅಂಗೈಗೆ ಒಂದು ಬಾಟಲಿ ಮುಚ್ಚಳ ಹಾಕಿತು. ಕಾಗೆಗಳು ಮೆಚ್ಚಿದವರಿಗೆ ಹೀಗೆ ಏನಾದರೂ ತಂದುಕೊಡುವುದುಂಟು. ಮೇಡಂ ಹಿಗ್ಗಿಹೋದರು. ನನ್ನ ಕೋಣೆಗೇ ಬಂದು ತೋರಿಸಿದರು. “ನೋಡಿ ಡಾಕ್ಟ್ರೇ, ಹದಿನಾಲ್ಕು ವರ್ಷಕ್ಕೆ ಅತ್ತೆ ಮನಸ್ಸು ಕರಗಿತು!”

ಆಮೇಲೆ ಒಂದು ನೀಲಿ ಗಾಜಿನ ಚೂರು ಬಂತು. ಒಂದು ಅಂಗಿಯ ಗುಂಡಿ, ಯಾವುದೋ ಮಗುವಿನ ಬೂಟಿನ ಬಕಲ್. ದಿನಕ್ಕೊಂದು, ಕೆಲವು ದಿನ ಎರಡು ಮೂರು. ಮೇಡಂ ಎಲ್ಲವನ್ನೂ ಅಂಗಿಯ ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದರು.

ಅವರ ಯಜಮಾನರು ಬಸ್ ಡಿಪೋದಲ್ಲಿ ಟೈಮ್ ಕೀಪರ್. ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆದುಕೊಳ್ಳುವುದೇ ಮೂವತ್ತು ವರ್ಷದ ಕಸುಬು. ಒಂದು ಸಂಜೆ ಊಟಕ್ಕೆ ತಟ್ಟೆ ಇಡುತ್ತಾ ಅವರು ಹೇಳಿದರಂತೆ:

“ಒಂದು ತಿಂಗಳಿಂದ ನೀನು ಹನ್ನೆರಡು ನಿಮಿಷ ಲೇಟು ಕಣೆ.”

“ಬಸ್ಸು ತಡ ಇರ್ಬೇಕು ರೀ.”

“ನಮ್ಮ ಡಿಪೋ ಬಸ್ಸು. ನನಗೇ ಹೇಳ್ತೀಯಾ? ಬಸ್ಸು ಸರಿಯಾಗೇ ಇದೆ. ನೀನು ಮುಂದಿನ ಬಸ್ಸು ಹಿಡೀತಿದ್ದೀಯ.”

ಮೇಡಂ ನಕ್ಕು ಅನ್ನ ಬಡಿಸಿದರು. ತಾನು ಎಂದಿನ ಹೊತ್ತಿಗೇ ಹೊರಡುತ್ತಿದ್ದೇನೆ ಎಂದೇ ಅವರು ನಂಬಿದ್ದರು.

ಇನ್ನೊಂದು ವಾರಕ್ಕೆ ಪಕ್ಷಿಮನೆಯ ಪಾಲಕಿ, ಮೂವತ್ತರ ಹರೆಯದ ಮಾತಿನಮಲ್ಲಿ, ತಡೆಯಲಾಗದೆ ಕೇಳಿದಳು. “ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಯಾಕೆ ಮಾತಾಡ್ತಾ ಮಾತಾಡ್ತಾ ಎದ್ದು ಹೋಗ್ತೀರ?”

“ಯಾವಾಗ ಹೋದೆ?”

“ಈಗಷ್ಟೇ. ಆಮೆ ಗಾಯದ ವಿಷಯ ಹೇಳ್ತಿದ್ದೆ. ನೀವು ಹಿಂದಿನ ಅಂಗಳದ ತನಕ ಹೋಗಿ ನಿಂತು ಬಂದ್ರಿ. ನಿನ್ನೆನೂ ಹಾಗೇ ಮಾಡಿದ್ರಿ.”

ಮೇಡಂ ಪಂಜರದ ಬಾಗಿಲು ಹಾಕಿದರು. ಸೀದಾ ನನ್ನ ಹತ್ತಿರ ಬಂದರು. ಪಂಜರದಲ್ಲಿ ನಾನೊಂದು ಕ್ಯಾಮೆರಾ ಇಡಿಸಿದ್ದೆ, ಪಕ್ಕದ ಗಿಡುಗಕ್ಕೆ ಕಾಲುಬೇನೆ ಬಂದಾಗ ಹಾಕಿದ್ದು. ಮೂರು ತಿಂಗಳ ಚಿತ್ರಗಳು ಅದರಲ್ಲಿ ಉಳಿದಿರುತ್ತಿದ್ದವು.

“ನನ್ನನ್ನ ನೋಡಬೇಕು ಡಾಕ್ಟ್ರೇ,” ಎಂದರು.

ಮಧ್ಯಾಹ್ನದ ಹೊತ್ತು. ಕಿಟಕಿಯ ಹೊರಗೆ ಮಕ್ಕಳ ಗದ್ದಲ. ನಾವಿಬ್ಬರೂ ಪರದೆಯ ಮುಂದೆ ಕೂತು ಮೊದಲ ದಿನದಿಂದ ಶುರು ಮಾಡಿದೆವು. ಮೊದಲ ವಾರ ವಿಶೇಷವೇನಿಲ್ಲ. ಮೇಡಂ ಪಂಜರದ ಬಾಗಿಲ ಹತ್ತಿರ ನಿಂತಿರುತ್ತಾರೆ. ಯಾವುದೋ ಕಾರಣಕ್ಕೆ ಹಿಂಬದಿಯ ಜಾಲರಿಯ ಕಡೆ ತಿರುಗುತ್ತಾರೆ. ಕಾಗೆ ಹಾರಿ ಬಂದು ಮುಚ್ಚಳ ಕೊಡುತ್ತದೆ.

“ಸೌಂಡ್ ಜಾಸ್ತಿ ಮಾಡಿ,” ಎಂದರು ಮೇಡಂ.

ಜಾಸ್ತಿ ಮಾಡಿದೆ. ಅವರು ತಿರುಗಿದ ಕ್ಷಣದಲ್ಲಿ, ಕಾಗೆ ಕೊಂಬೆ ಬಿಡುವ ಮುಂಚೆ, ಒಂದು ಸದ್ದು. ಚಿಕ್ಕದಾದ, ಚೂಪಾದ ಸೀಟಿ. ಮೇಡಂ ಕೊರಳಿನ ಸೀಟಿ ಅವರ ಅಂಗಿಯ ಮೇಲೆ ಸುಮ್ಮನೆ ಬಿದ್ದಿತ್ತು. ಸದ್ದು ಬಂದದ್ದು ಕಾಗೆಯ ಕೊರಳಿನಿಂದ.

ಕಾಗೆ ಸದ್ದುಗಳನ್ನು ಅನುಕರಿಸುವುದು ಹೊಸ ಸಂಗತಿಯೇನಲ್ಲ. ಆದರೂ ನಾನು ಅದನ್ನು ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಮುಂದಿನ ದಿನದ ಚಿತ್ರ ಹಾಕಿದೆ. ತಿರುಗಿದರೆ ಈಗ ಸೀಟಿಯಿಲ್ಲ. ಒಂದು ಹೆಜ್ಜೆ ಇಟ್ಟರೆ ಸೀಟಿ, ನೀಲಿ ಗಾಜು. ಆಮೇಲೆ ಎರಡು ಹೆಜ್ಜೆ. ಆರನೇ ವಾರಕ್ಕೆ ಮೇಡಂ ಹಿಂಬದಿಯ ಜಾಲರಿ ತಲುಪಿದ್ದರು. ಎಂಟನೇ ವಾರಕ್ಕೆ ಅಂಗಳಕ್ಕೆ ಹೋಗುವ ಸಣ್ಣ ಬಾಗಿಲ ಚಿಲಕ ಮುಟ್ಟಿದರು, ಸೀಟಿ. ಚಿಲಕ ಸರಿಸಿದರು, ಸೀಟಿ. ಅಂದಿನ ಬೆಳಗಿನ ಚಿತ್ರದಲ್ಲಿ ಪಾಲಕಿ ಆಮೆಯ ಗಾಯದ ಬಗ್ಗೆ ಕೈ ಆಡಿಸಿ ಏನೋ ಹೇಳುತ್ತಿದ್ದಾಳೆ. ಮೇಡಂ ತಲೆ ಆಡಿಸುತ್ತಿದ್ದಾರೆ. ಆಡಿಸುತ್ತಲೇ ತಿರುಗಿ, ನಿದ್ದೆಯಲ್ಲಿ ನಡೆಯುವವರ ಹಾಗೆ ಸಣ್ಣ ಬಾಗಿಲು ದಾಟಿ ಅಂಗಳಕ್ಕಿಳಿದು, ಬೋನುಗಳ ಮುಂದೆ ಒಂದು ಕ್ಷಣ ನಿಂತು, ವಾಪಸ್ ಬರುತ್ತಾರೆ.

“ಇದು ನನಗೆ ನೆನಪೇ ಇಲ್ಲ,” ಎಂದರು ಮೇಡಂ.

ನಾನು ಧೈರ್ಯ ಹೇಳಲು ಹೋದೆ. “ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು ಅಂತಾರಲ್ಲ ಮೇಡಂ, ಹಾಗಿರಬಹುದು.”

“ಕೊಂಬೆ ಎಪ್ಪತ್ತೊಂದು ಸಲ ಮುರಿಯುತ್ತಾ ಡಾಕ್ಟ್ರೇ? ನಾನು ಎಣಿಸಿದೀನಿ.”

ಗುರುವಿಗೇ ತಿರುಮಂತ್ರ ಎನ್ನುವ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಆದರೂ ಅವರು ಅವರೇ. ಭಯದ ಜೊತೆಗೆ ಕುತೂಹಲವೂ ಇತ್ತು. “ನಾನು ಬೇಡ ಅಂದ್ರೆ ಏನು ಮಾಡುತ್ತೆ ನೋಡೋಣ,” ಎಂದು ಮೂರು ದಿನ ಪಂಜರದೊಳಗೆ ಹೋದರೂ ಬಾಗಿಲ ಬಳಿಯ ಕಂಬವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಪಾಲಕಿಗೆ ತನ್ನ ಮೇಲೆ ಕಣ್ಣಿಡಲು ಹೇಳಿದ್ದರು. ನಾನೂ ಹೊರಗೆ ನಿಂತು ನೋಡಿದೆ.

ಕಾಗೆ ಕೂಗಾಡಲಿಲ್ಲ, ಕುಕ್ಕಲಿಲ್ಲ. ಮೊದಲ ದಿನ ಕಾಯಿತು. ಎರಡನೇ ದಿನವೂ ಕಾಯಿತು. ಮೂರನೇ ದಿನ ಮೇಡಂ ಕಂಬ ಹಿಡಿದುಕೊಂಡೇ ಸುಮ್ಮನೆ ಒಮ್ಮೆ ಹಿಂಬದಿಗೆ ಕಣ್ಣು ಹಾಯಿಸಿದರು. ತಕ್ಷಣ ಸೀಟಿ. ಕಾಗೆ ಇಳಿದು ಬಂದು ಒಂದು ಹೊಳೆಯುವ ಮಣಿಯನ್ನು ಅವರ ಬೂಟಿನ ಮೇಲಿಟ್ಟು ಕತ್ತು ಓರೆ ಮಾಡಿ ನೋಡಿತು.

ಮೇಡಂ ಹೊರಗೆ ಬಂದರು.

“ಅದು ಒಂದು ಹೆಜ್ಜೆ ಹಿಂದೆ ಬಂತು ಡಾಕ್ಟ್ರೇ. ನನಗೆ ಕಷ್ಟ ಆಗ್ತಿದೆ ಅಂತ ತಿಳ್ಕೊಂಡು ಸುಲಭದ್ದು ಕೇಳ್ತಿದೆ.” ಪಂಜರದ ಚಿಲಕ ಹಾಕುತ್ತಾ, “ನನ್ನ ಹುಡುಗರಲ್ಲಿ ಇಷ್ಟು ಚೆನ್ನಾಗಿ ಕಲಿಸೋರು ಒಬ್ಬರೂ ಇಲ್ಲ,” ಎಂದರು.

ಅದೇ ದಿನ ಅವರು ಅತ್ತೆಮ್ಮನ ಜವಾಬ್ದಾರಿಯನ್ನು ಪೂರ್ತಿಯಾಗಿ ಪಾಲಕಿಗೆ ಒಪ್ಪಿಸಿದರು. ಪಕ್ಷಿಮನೆಯ ಕಡೆ ತಲೆ ಹಾಕುವುದಿಲ್ಲ ಎಂದು ನನಗೆ ಮಾತು ಕೊಟ್ಟರು. ಹತ್ತು ದಿನ ಕಳೆಯಿತು. ವೇದಿಕೆಯಲ್ಲಿ ಮೊದಲಿನಂತೆ ಮಕ್ಕಳನ್ನು ನಗಿಸಿದರು. ಯಜಮಾನರಿಗೂ ಸಮಾಧಾನ, ಹೆಂಡತಿ ಮತ್ತೆ ಮೊದಲಿನ ಬಸ್ಸಿಗೇ ಬರುತ್ತಿದ್ದಳು.

ಹನ್ನೊಂದನೇ ದಿನ ಸಂಜೆ ಆರೂವರೆಗೆ ಯಜಮಾನರು ನನಗೆ ಫೋನ್ ಮಾಡಿದರು. “ಡಾಕ್ಟ್ರೇ, ಎರಡು ಬಸ್ಸು ಬಂದುಹೋಯ್ತು. ಅವಳು ಇಳೀಲಿಲ್ಲ. ಫೋನ್ ರಿಂಗ್ ಆಗುತ್ತೆ, ಎತ್ತಲ್ಲ.”

ನಾನು ಇನ್ನೂ ಆಸ್ಪತ್ರೆಯ ಕೋಣೆಯಲ್ಲೇ ಇದ್ದೆ. ಜನರೆಲ್ಲ ಹೊರಟು ಒಂದು ಗಂಟೆಯಾಗಿತ್ತು. ಬೆಳಕು ಇತ್ತು, ಆದರೆ ಬಣ್ಣ ಹೋಗಿತ್ತು. ಯಜಮಾನರು ಆಟೋದಲ್ಲಿ ಬರುವಷ್ಟರಲ್ಲಿ ನಾನು ಅವರ ಕೋಣೆ, ಉಗ್ರಾಣ, ವೇದಿಕೆ ಎಲ್ಲ ಹುಡುಕಿದ್ದೆ. ಕೈಚೀಲ ಕುರ್ಚಿಯ ಮೇಲಿತ್ತು. ಪಾಲಕಿಗೆ ಫೋನ್ ಮಾಡಿದರೆ, “ಮೇಡಂನ ನಾನು ನೋಡಿಲ್ಲ ಸರ್. ಅತ್ತೆಮ್ಮನ್ನ ನಾಲ್ಕಕ್ಕೆ ಹಾರೋಕೆ ಬಿಟ್ಟಿದ್ದೆ, ಅದೂ ವಾಪಸ್ ಬಂದಿಲ್ಲ. ಮರದಲ್ಲಿ ಮುನಿಸ್ಕೊಂಡು ಕೂತಿರುತ್ತೆ ಅಂದ್ಕೊಂಡೆ,” ಎಂದಳು.

ನಾನು ಫೋನ್ ಇಟ್ಟು ಯಜಮಾನರ ಕಡೆ ತಿರುಗಿದೆ. “ಹಿಂದಿನ ಅಂಗಳ,” ಎಂದೆ.

ಪಕ್ಷಿಮನೆಯನ್ನು ಸುತ್ತಿ ಹೋಗುವಾಗ ಯಜಮಾನರು ನನ್ನ ತೋಳು ಹಿಡಿದು ನಿಲ್ಲಿಸಿದರು. ಗೋಡೆಯಾಚೆ ಒಂದು ಸೀಟಿ ಕೇಳಿಸಿತು. ಚಿಕ್ಕದಾಗಿ. ಅರ್ಧ ನಿಮಿಷ ಬಿಟ್ಟು ಇನ್ನೊಂದು.

ಅಂಗಳದಲ್ಲಿ ಕರಡಿಗೆಂದು ಮಾಡಿಸಿದ್ದ ಉದ್ದನೆಯ ಬೋನಿತ್ತು. ಬಾಗಿಲು ಮೇಲಿಂದ ಕೆಳಗೆ ಬೀಳುವಂಥದ್ದು. ಅದನ್ನು ಮೇಲೆ ಹಿಡಿದಿಡುವುದು ಒಂದು ಕಬ್ಬಿಣದ ಕೀಲು. ಆ ಕೀಲು ಕಿತ್ತು ಬೋನಿನ ಚಾವಣಿಯ ಮೇಲೆ ಬಿದ್ದಿತ್ತು, ಬಾಗಿಲು ಮುಚ್ಚಿತ್ತು. ಒಳಗೆ ಸೀಟಿ ಮೇಡಂ ಮೊಣಕಾಲು ಮಡಚಿ, ಬಾಗಿಲಿಗೆ ಬೆನ್ನು ಮಾಡಿ, ನೆಟ್ಟಗೆ ಕೂತಿದ್ದರು. ಎದುರಿನ ಸರಳಿನ ಮೇಲೆ ಅತ್ತೆಮ್ಮ. ಅದು ಕೊಕ್ಕಿನಲ್ಲಿದ್ದ ಬ್ರೆಡ್ಡಿನ ಚೂರನ್ನು ಸರಳಿನ ನಡುವೆ ನೂಕಿತು. ಅವರು ಅಂಗೈ ಒಡ್ಡಿ ತೆಗೆದುಕೊಂಡರು. ಅವರ ಮಡಿಲಲ್ಲಿ ಅಂಥ ಚೂರುಗಳು ಹದಿನೈದಿಪ್ಪತ್ತು ಇದ್ದವು.

ಯಜಮಾನರು ಹೆಂಡತಿಯನ್ನು ಹೆಸರು ಹಿಡಿದು ಕರೆದರು. ಅವರು ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಮೂರನೇ ಸಲಕ್ಕೆ ಮೇಡಂ ನಿಧಾನವಾಗಿ ಕತ್ತು ಹೊರಳಿಸಿ, ದೂರದ ಗುರುತಿನವರನ್ನು ಕಂಡ ಹಾಗೆ ನಮ್ಮನ್ನು ನೋಡಿದರು. ಕಾಗೆ ಮಾತ್ರ ಹಾರಲಿಲ್ಲ. ನಾವು ಬಾಗಿಲು ಎತ್ತುವುದನ್ನು ಅದು ಕೊನೆಯ ತನಕ ನೋಡುತ್ತಲೇ ಇತ್ತು.

ಮೂರು ದಿನ ರಜೆ ಹಾಕಿ ನಾಲ್ಕನೆಯ ದಿನ ಮೇಡಂ ನನ್ನ ಕೋಣೆಗೆ ಬಂದರು. ಯಜಮಾನರೂ ಜೊತೆಗಿದ್ದರು, ಹೆಂಡತಿಯನ್ನು ಒಬ್ಬಳೇ ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ನಾನು ಚಹಾ ತರಿಸಿದೆ. ಯಾರೂ ಕುಡಿಯಲಿಲ್ಲ.

“ಹಳೇ ತಕ್ಕಡಿ ಅಲ್ಲಿರಬಹುದು, ತರೋಣ ಅಂತ ಹೋದೆ ಅನ್ನೋದು ನೆನಪಿದೆ,” ಎಂದರು ಮೇಡಂ. “ತಕ್ಕಡಿ ಯಾಕೆ ಬೇಕಿತ್ತು ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಬೋನಿನ ಮುಂದೆ ನಿಂತೆ, ಸೀಟಿ ಬಂತು. ಬಗ್ಗಿದೆ, ಬಂತು. ಒಳಗೆ ಹೋದೆ. ಬಾಗಿಲು ಬಿತ್ತು.”

“ಕೂಗಬಹುದಿತ್ತಲ್ಲ ಕಣೆ,” ಎಂದರು ಯಜಮಾನರು. “ಫೋನ್ ಜೇಬಲ್ಲೇ ಇತ್ತು. ಕೊರಳಲ್ಲಿ ಸೀಟಿ ಇತ್ತು. ಒಂದು ಸಲ ಊದಿದ್ರೆ ಕಾವಲಿನವನು ಓಡಿ ಬರ್ತಿದ್ದ.”

“ಫೋನ್ ಹೊಡ್ಕೊಳ್ತಾ ಇತ್ತು ರೀ. ಕೇಳಿಸ್ತಿತ್ತು. ಅದು ನನಗೆ ಬಂದಿದ್ದಲ್ಲ ಅನ್ನಿಸ್ತು.” ಅವರು ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸಿದರು. “ಭಯ ಆಗ್ಲಿಲ್ಲ. ಸುಖನೂ ಇರಲಿಲ್ಲ. ಸುಮ್ಮನೆ ಕೂತಿದ್ದೆ. ಕೂಗಬೇಕು ಅನ್ನೋದೇ ಹೊಳೀಲಿಲ್ಲ. ಡಾಕ್ಟ್ರೇ, ನಾನು ಬೋನು ಕಲಿಸಿದ ಪ್ರಾಣಿಗಳಲ್ಲಿ ಒಂದೂ ಕೂಗಿಲ್ಲ. ಇಷ್ಟು ವರ್ಷ ಅದನ್ನೇ ನಾನು ಒಪ್ಪಿಗೆ ಅಂದ್ಕೊಂಡಿದ್ದೆ.”

ಅವರು ಲೋಟವನ್ನು ದೂರ ಸರಿಸಿ ಮುಂದುವರಿಸಿದರು.

“ಅತ್ತೆಮ್ಮ ಕೆಟ್ಟದ್ದು ಮಾಡಿಲ್ಲ. ಆ ಕೊಂಬೆ ಮೇಲಿಂದ ಅದು ನೋಡಿದ್ದು ಒಂದೇ: ಬೋನಿಗೆ ಹೋದವರು ಎಲ್ಲಿಗೋ ಹೋಗ್ತಾರೆ. ಸೊಸೆನೂ ಹಾಗೇ ಹೋಯ್ತು. ಅದು ನನ್ನನ್ನ ಅಲ್ಲಿಗೆ ಕಳಿಸ್ತಿತ್ತು ಅನ್ಸುತ್ತೆ. ಹೋಗಿ ನೋಡ್ಕೊಂಡು ಬಾ ಅಂತ.” ಸ್ವಲ್ಪ ನಕ್ಕರು. “ಹುಚ್ಚು ಅನ್ನಿ, ಬೇಜಾರಿಲ್ಲ. ಸೊಸೆ ಹೇಗಿದೆ ಅಂತ ಅವರಿಗೆ ಒಂದು ಕಾಗದ ಬರೆಯೋಣ. ಎಂಟು ವರ್ಷದಲ್ಲಿ ನಾನು ಒಂದು ಸಲನೂ ಕೇಳಿಲ್ಲ.”

ಎಂಟು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದನ್ನು ಹೇಳುವ ಗಳಿಗೆ ಬಂದಿತ್ತು. “ಕಾಗದ ಬೇಡ ಮೇಡಂ,” ಎಂದೆ. “ಸೊಸೆ ಅಲ್ಲಿಗೆ ಹೋದ ನಾಲ್ಕನೇ ದಿನವೇ ಸತ್ತಿತು. ಏನೂ ತಿನ್ನಲಿಲ್ಲವಂತೆ. ಅವರ ವೈದ್ಯರು ನನಗೆ ಬರೆದಿದ್ದರು. ನೀವು ಆಗ ವೇದಿಕೆಯ ಕೆಲಸದಲ್ಲಿ ಖುಷಿಯಾಗಿದ್ದಿರಿ. ಆಮೇಲೆ ಹೇಳಿದರಾಯಿತು ಅಂತ ಕಡತಕ್ಕೆ ಸೇರಿಸಿದೆ. ಆ ಆಮೇಲೆ ಬರಲೇ ಇಲ್ಲ.”

ಮೇಡಂ ಬೈದಿದ್ದರೆ ಹಗುರವಾಗುತ್ತಿತ್ತು. “ಉಳಿದವುಗಳ ವಿಷಯನೂ ಹೀಗೇನಾ?” ಎಂದಷ್ಟೇ ಕೇಳಿದರು.

“ನನಗೆ ಗೊತ್ತಿಲ್ಲ,” ಎಂದೆ. ಅದು ನಿಜವಾಗಿತ್ತು.

ಅಂದು ಸಂಜೆ ಅವರು ಪಂಜರಕ್ಕೆ ಹೋದರು. ನಾನೂ ಯಜಮಾನರೂ ಹೊರಗೆ ನಿಂತೆವು. ಅತ್ತೆಮ್ಮ ಕೊಂಬೆಯ ಮೇಲಿತ್ತು. ಮೇಡಂ ಒಳಗೆ ಬಂದದ್ದನ್ನು ಕಂಡಿತು. ಅವರ ಖಾಲಿ ಕೈಗಳನ್ನು, ಅವರ ಬೆನ್ನ ಹಿಂದಿನ ಜಾಗವನ್ನು ಕತ್ತು ಚಾಚಿ ನೋಡಿತು. ಆಮೇಲೆ ಗೋಡೆಯ ಕಡೆ ತಿರುಗಿ ಕೂತುಬಿಟ್ಟಿತು. ಮುಂದೆ ಅದು ಬದುಕಿದ್ದ ಎರಡು ವರ್ಷದಲ್ಲಿ ಅವರ ಕೈಗೆ ಒಂದು ಕಡ್ಡಿಯನ್ನೂ ಕೊಡಲಿಲ್ಲ, ಒಂದು ಸಲವೂ ಸೀಟಿ ಊದಲಿಲ್ಲ. ವೇದಿಕೆಗೆ ಬರಲಿಲ್ಲ. ಮೇಡಂ ಬಲವಂತ ಮಾಡಲಿಲ್ಲ. ಪಂಜರದ ಮೇಲಿನ ಕಿಂಡಿ ಹಗಲೆಲ್ಲ ತೆರೆದಿಡಿಸಿದರು. ಕಾಗೆ ಹೊರಗೆ ಹೋಗಲಿಲ್ಲ.

ಮೇಡಂ ತಾನು ಬೋನು ಕಲಿಸಿ ಕಳಿಸಿದ ನಲವತ್ತು ಪ್ರಾಣಿಗಳ ಪಟ್ಟಿ ಮಾಡಿ ಎಲ್ಲೆಲ್ಲಿಗೋ ಕಾಗದ ಬರೆದರು. ಅರ್ಧಕ್ಕೆ ಉತ್ತರವೇ ಬರಲಿಲ್ಲ. ಉತ್ತರ ಬಂದ ಪ್ರಾಣಿಗಳಲ್ಲಿ ಕೆಲವು ಚೆನ್ನಾಗಿದ್ದವು, ಕೆಲವು ಬದುಕಿರಲಿಲ್ಲ. ಒಂದು ಮೃಗಾಲಯದಲ್ಲಿ ಹದಿನೈದು ವರ್ಷದ ಹಿಂದೆ ಕಳಿಸಿದ ಕರಡಿ ಇನ್ನೂ ಇದೆಯೆಂದು ತಿಳಿದು ಮೇಡಂ ಮತ್ತು ಯಜಮಾನರು ಹೊರಟರು. ನನ್ನನ್ನೂ ಕರೆದರು. ಕ್ಷಮಿಸಿದರೆಂದು ಅಲ್ಲ, ಕರಡಿಗೆ ವಯಸ್ಸಾಗಿದೆ, ಹಲ್ಲು ನೋಡಲು ವೈದ್ಯ ಬೇಕು ಎಂದರು. ಅಷ್ಟೇ ಸಾಕೆಂದು ಹೋದೆ.

ಅಲ್ಲಿನ ಕರಡಿ ಪಾಲಕ ವಯಸ್ಸಾದವನು, ಒಳ್ಳೆಯವನು. “ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ,” ಎಂದು ಜಾಲರಿಯ ಬಳಿ ಕರೆದೊಯ್ದ. ನಾಲ್ಕು ಗಂಟೆಯ ಬಿಸಿಲು. ಕರಡಿ ಬಯಲಿನಲ್ಲಿ ಒಂದು ಮರದ ದಿಮ್ಮಿಯನ್ನು ಕೆರೆಯುತ್ತಿತ್ತು. ಮೇಡಂ ಸೀಟಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು, ಒಂದು ಮಾತನ್ನೂ ಆಡಲಿಲ್ಲ. ಕರಡಿ ತಾನಾಗಿಯೇ ದಿಮ್ಮಿ ಬಿಟ್ಟು ಎದ್ದಿತು. ಒಳಗೂಡಿನ ಬಾಗಿಲಿಗೆ ನಡೆಯಿತು. ಒಳಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ, ಮುಂಗಾಲು ಮಡಚಿ, ನೆಟ್ಟಗೆ ಕೂತಿತು.

“ದಿನಾ ಹೀಗೇ,” ಎಂದ ಪಾಲಕ. “ನಾವು ಯಾರೂ ಕಲಿಸಿದ್ದಲ್ಲ. ಬಂದಾಗಿಂದ ಇದೆ ಈ ಅಭ್ಯಾಸ. ಬಹಳ ಸಾಧು ಪ್ರಾಣಿ ಅಮ್ಮ.”

“ಕೂತು ಏನು ಮಾಡುತ್ತೆ?” ಎಂದರು ಮೇಡಂ.

“ಏನೂ ಇಲ್ಲ. ಏನೋ ಕಾಯ್ತಾ ಇರೋ ಹಾಗೆ ಕೂತಿರುತ್ತೆ. ಆಮೇಲೆ ಎದ್ದು ಬರುತ್ತೆ.”

ಮೇಡಂ ಜಾಲರಿಗೆ ಹಣೆಯಿಟ್ಟು ನಿಂತರು. ಕರಡಿಯ ಬೆನ್ನಿನ ಕೂದಲು ಅಲ್ಲಲ್ಲಿ ನರೆತಿತ್ತು. ಯಜಮಾನರು ಕೈಗಡಿಯಾರ ನೋಡಿಕೊಳ್ಳಲಿಲ್ಲ. ನಾನು ಅವರನ್ನು ಹಾಗೆ ಕಂಡದ್ದು ಅದೊಂದೇ ಸಲ.

ಊರಿಗೆ ಬಂದ ಮೇಲೆ ಮೇಡಂ ಬಡಗಿಯನ್ನೂ ವೆಲ್ಡಿಂಗ್ ಕೆಲಸದವನನ್ನೂ ಕೂರಿಸಿಕೊಂಡು ಹೊಸ ಬೋನು ಮಾಡಿಸಿದರು. ಒಳಗೊಂದು ಹಲಗೆ, ಪ್ರಾಣಿ ಅದನ್ನು ಕಾಲಿನಿಂದ ಒತ್ತಿದರೆ ಬಾಗಿಲು ಮೇಲೇಳುತ್ತದೆ. ಮೊದಲು ಹಲಗೆ ಒತ್ತುವುದನ್ನು ಕಲಿಸಬೇಕು, ಆಮೇಲೆಯೇ ಬೋನು.

ನಿರ್ದೇಶಕರು ತಲೆ ಚಚ್ಚಿಕೊಂಡರು. “ಪ್ರಾಣಿ ತಾನೇ ಹೊರಗೆ ಬರೋದಾದ್ರೆ ಅದನ್ನ ಬೋನು ಅಂತ ಯಾಕೆ ಕರೀಬೇಕು ಮೇಡಂ?”

“ಬೇರೆ ಹೆಸರಿಡಿ ಸರ್.”

ಪ್ರಯಾಣದ ದಿನ ಹಲಗೆಗೆ ಬೀಗ ಹಾಕಲೇಬೇಕೆಂದು ನಿರ್ದೇಶಕರು ಹಟ ಹಿಡಿದರು. ಮೇಡಂ ಅದಕ್ಕೆ ಒಪ್ಪಬೇಕಾಯಿತು. ಬದಲಿಗೆ, ಜೋಡಿಯನ್ನು ಅಗಲಿಸುವಂತಿಲ್ಲ, ಪ್ರಾಣಿಯ ಜೊತೆ ಪಾಲಕರೊಬ್ಬರು ಹೋಗಿ ಒಂದು ತಿಂಗಳು ಇದ್ದು ಬರಬೇಕು ಎಂಬ ಎರಡು ಷರತ್ತನ್ನು ಬರೆಸಿಕೊಂಡರು. ಪ್ರಾಣಿಗಳು ಬೋನಿಗೆ ಒಪ್ಪದೆ ಮೊದಲ ವರ್ಷವೇ ಎರಡು ಲಾರಿಗಳು ಖಾಲಿ ವಾಪಸ್ ಹೋದವು. ಹೊಸ ಮುಳ್ಳುಹಂದಿಯಂತೂ ತರಬೇತಿಯಲ್ಲಿ ಹನ್ನೊಂದು ಸಲ ಹಲಗೆ ಒತ್ತಿ ಹೊರಬಂದದ್ದರಿಂದ, ಅದನ್ನು ಕಳಿಸುವ ಮಾತನ್ನೇ ಎಲ್ಲರೂ ಕೈಬಿಟ್ಟರು.

ಕಳೆದ ಚಳಿಗಾಲದಲ್ಲಿ ಅತ್ತೆಮ್ಮ ಸತ್ತಿತು. ಕೊಯ್ದು ನೋಡಿದ್ದು ನಾನೇ. ರೋಗವೇನೂ ಕಾಣಲಿಲ್ಲ, ವಯಸ್ಸಾಗಿತ್ತು. ಮೇಡಂಗೆ ಅದೇ ಗಂಟೆಯಲ್ಲಿ ಹೋಗಿ ಹೇಳಿದೆ. ಅವರು “ಹೇಳಿದ್ದು ಒಳ್ಳೇದಾಯ್ತು ಡಾಕ್ಟ್ರೇ,” ಎಂದರು. ಆ ವರ್ಷವೇ ಅವರು ನಿವೃತ್ತರಾದರು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಮೇಡಂ ಒಳಗೆ ಚಹಾ ಮಾಡುತ್ತಿದ್ದರು, ಆರೋಗ್ಯವಾಗಿ, ಗೆಲುವಾಗಿ ಇದ್ದಾರೆ. ಯಜಮಾನರು ಜಗಲಿಯಲ್ಲಿ ದನಿ ತಗ್ಗಿಸಿ ಹೇಳಿದರು:

“ಎಲ್ಲ ಸರಿ ಇದೆ ಡಾಕ್ಟ್ರೇ. ಒಂದೇ. ಕೆಲವು ದಿನ ಸಂಜೆ, ಸುಮ್ಮನೆ ಕೂತಿದ್ದೋಳು ಏನೋ ಕೇಳಿಸಿದ ಹಾಗೆ ತಲೆ ಎತ್ತುತ್ತಾಳೆ. ಎದ್ದು ನಿಲ್ತಾಳೆ.”

“ಎಲ್ಲಿಗಾದರೂ ಹೋಗುತ್ತಾರಾ?”

“ಇಲ್ಲ. ನಿಂತಿರ್ತಾಳೆ. ಮೊದಮೊದಲು, ಏನಿಲ್ಲ ಕೂತ್ಕೋ ಅಂತಿದ್ದೆ.” ಅವರು ಒಳಗಿನ ಬಾಗಿಲ ಕಡೆ ನೋಡಿದರು. “ಈಚೆಗೆ ನಾನೂ ಅವಳ ಜೊತೆ ಎದ್ದು ನಿಲ್ತೀನಿ.”